ಬೇರೆ ವಿಷಯದ ಸಂಶೋಧನಾ ಲೇಖನವನ್ನು ಎಲ್ಲಿಂದ ಓದಲು ಶುರು ಮಾಡಬೇಕು?

ಮೊದಲ ಪುಟದಿಂದ ಕೊನೆಯವರೆಗೆ ಸಾಲಾಗಿ ಓದುವುದೇ ಸಾಮಾನ್ಯ ತಪ್ಪು. ವೈದ್ಯಕೀಯ, ಜೀವವಿಜ್ಞಾನ, ಮನಃಶಾಸ್ತ್ರದ ಲೇಖನಗಳು ಹೆಚ್ಚಾಗಿ ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ಚೌಕಟ್ಟಿನಲ್ಲಿರುತ್ತವೆ. ಇಲ್ಲಿ ಸಾರಾಂಶ ಓದಿ ನೇರವಾಗಿ ಚಿತ್ರ, ಕೋಷ್ಟಕಗಳಿಗೆ ಹೋಗಿ, ಆಮೇಲೆ ವಿಧಾನ ನೋಡಿ. ಚರ್ಚೆಯ ಭಾಗ ಕೊನೆಗಿರಲಿ. ಲೇಖಕರು ಫಲಿತಾಂಶವನ್ನು ತುಸು ಉಬ್ಬಿಸಿ ಹೇಳುವುದು ಅಲ್ಲೇ.

ಗಣಿತದಲ್ಲಿ ಈ ಚೌಕಟ್ಟೇ ಇಲ್ಲ. ಮುಖ್ಯ ಪ್ರಮೇಯ ಸಾಮಾನ್ಯವಾಗಿ ಪೀಠಿಕೆಯಲ್ಲೇ ಸಿಗುತ್ತದೆ. ಅದರ ಷರತ್ತುಗಳನ್ನು ಒಂದೊಂದಾಗಿ ಕಿತ್ತುಹಾಕಿ, ಹೇಳಿಕೆ ಎಲ್ಲಿ ಮುರಿಯುತ್ತದೆ ಎಂದು ಸಣ್ಣ ಉದಾಹರಣೆಯಲ್ಲಿ ಪರೀಕ್ಷಿಸಿ. ಇತಿಹಾಸದ ಲೇಖನದ ಜೀವ ಇರುವುದು ಅಡಿಟಿಪ್ಪಣಿಯಲ್ಲಿ: ಮೂಲ ಶಾಸನವನ್ನೇ ನೋಡಿದ್ದಾರೋ, ಇನ್ನೊಬ್ಬರ ಪುಸ್ತಕದಿಂದ ಎತ್ತಿದ್ದಾರೋ ಅಲ್ಲಿ ಗೊತ್ತಾಗುತ್ತದೆ.

ಹೊಸಬರು ಹೆಚ್ಚು ಎಡವುವುದು 'ಪುರಾವೆ'ಯ ಅಳತೆಯಲ್ಲಿ. ಮನಃಶಾಸ್ತ್ರದಲ್ಲಿ ಪಿ-ಮೌಲ್ಯ (ಪರಿಣಾಮವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) 0.05ಕ್ಕಿಂತ ಕಡಿಮೆ ಬಂದರೆ 'ಗಣನೀಯ' ಎನ್ನುವುದು ರೂಢಿ. ಅಂದರೆ ನಿಜವಾದ ಪರಿಣಾಮ ಏನೂ ಇಲ್ಲದಿದ್ದರೂ ಸುಮಾರು 20ರಲ್ಲಿ ಒಂದು ಪ್ರಯೋಗ ಹಾಗೆ ತೋರಬಹುದು. ಕಣಭೌತಶಾಸ್ತ್ರದಲ್ಲಿ 'ಆವಿಷ್ಕಾರ' ಎನ್ನಲು 5 ಸಿಗ್ಮಾ ಮಟ್ಟದ ಪುರಾವೆ ಬೇಕು, ಅಂದರೆ ಬರೀ ಆಕಸ್ಮಿಕವಾಗಿ ಹಾಗೆ ತೋರುವ ಸಾಧ್ಯತೆ ಸುಮಾರು 35 ಲಕ್ಷದಲ್ಲಿ ಒಂದು. 2012ರಲ್ಲಿ ಹಿಗ್ಸ್ ಬೋಸಾನ್ ಎಂಬ ಕಣದ ಆವಿಷ್ಕಾರ ಘೋಷಿಸಿದ್ದು ಈ ಮಟ್ಟ ಮುಟ್ಟಿದ ಮೇಲೆಯೇ.

ಲೇಖಕರ ಹೆಸರಿನ ಕ್ರಮವೂ ಒಂದೇ ಅಲ್ಲ. ಗಣಿತದಲ್ಲಿ ಬಹುಮಟ್ಟಿಗೆ ಅಕ್ಷರಕ್ರಮ. ಜೀವವಿಜ್ಞಾನದಲ್ಲಿ ಕೈಯಾರೆ ಪ್ರಯೋಗ ಮಾಡಿದವರು ಸಾಮಾನ್ಯವಾಗಿ ಮೊದಲು, ಪ್ರಯೋಗಾಲಯದ ಮುಖ್ಯಸ್ಥರು ಕೊನೆಗೆ. ಹಾಗಾಗಿ ಗಣಿತದ ಲೇಖನದಲ್ಲಿ ಮೂರನೆಯ ಹೆಸರು ಕಂಡು 'ಇವರ ಪಾಲು ಕಡಿಮೆ' ಎಂದುಕೊಳ್ಳಬೇಡಿ.