ಹಾಲಿನ ಕವರಿನಿಂದ ಕೌದಿಯವರೆಗೆ: ಓದುಗರ ಪ್ರಶ್ನೆ, ನನ್ನ ಉತ್ತರ

ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವಳು ನಾನು. ಹುಟ್ಟಿದ್ದು ಧಾರವಾಡದ ಕಡೆ, ಸಂಸಾರ ಹೂಡಿದ್ದು ಶಿವಮೊಗ್ಗದಲ್ಲಿ. ಈ ತಿಂಗಳು ಬಂದ ಕಾಗದಗಳಲ್ಲಿ ಐದಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ಕೊನೆಯದು ಉದ್ದವಾಗಿದೆ. ಅದನ್ನು ಚಿಕ್ಕದು ಮಾಡಲು ನನಗೆ ಮನಸ್ಸಾಗಲಿಲ್ಲ.

ನಮ್ಮ ಅತ್ತೆ ಹಾಲಿನ ಕವರ್‌ಗಳನ್ನೆಲ್ಲ ತೊಳೆದು ಅಡುಗೆಮನೆ ಕಿಟಕಿಯಲ್ಲಿ ಒಣಹಾಕುತ್ತಾರೆ. ಮನೆಗೆ ಯಾರಾದರೂ ಬಂದರೆ ನನಗೆ ಮುಜುಗರ. ಹೇಗೂ ಕಸದ ಗಾಡಿಗೆ ಹೋಗುವುದಲ್ಲವೇ, ತೊಳೆಯುವುದು ಯಾಕೆ ಮೇಡಂ?
— ಹೆಸರು ಬೇಡ, ದಾವಣಗೆರೆ

ಮೊದಲು ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಹಾಲಿನ ಕವರು ಪಾಲಿಥೀನಿನದು, ಕರಗಿಸಿ ಮತ್ತೆ ಬಳಸಲು ಬರುವಂಥದ್ದು. ಅದಕ್ಕೇ ಗುಜರಿಯವರು ಅದನ್ನು ತೂಕಕ್ಕೆ ಕೊಳ್ಳುತ್ತಾರೆ. ಚಿಪ್ಸ್ ಪ್ಯಾಕೆಟ್ಟನ್ನು ಅವರು ಮುಟ್ಟುವುದಿಲ್ಲ. ಅದರಲ್ಲಿ ಪ್ಲಾಸ್ಟಿಕ್ಕಿಗೆ ಲೋಹದ ಪದರ ಅಂಟಿರುತ್ತದೆ, ಬಿಡಿಸಲು ಆಗುವುದಿಲ್ಲ. ಆದರೆ ಹಾಲಿನ ಕವರನ್ನು ತೊಳೆಯದೆ ಎಸೆದರೆ ಒಂದೇ ದಿನಕ್ಕೆ ಹುಳಿತು ನಾರುತ್ತದೆ, ಪಕ್ಕದಲ್ಲಿದ್ದ ಕಾಗದ, ರಟ್ಟನ್ನೂ ಕೆಡಿಸುತ್ತದೆ. ಒಣಕಸವನ್ನು ವಿಂಗಡಿಸುವುದು ಯಂತ್ರವಲ್ಲ, ನಮ್ಮಂಥ ಹೆಂಗಸರ ಕೈ. ನಿಮ್ಮ ಅತ್ತೆ ಕಾಯುತ್ತಿರುವುದು ಆ ಕೈಯ ಮರ್ಯಾದೆಯನ್ನು.

ಇನ್ನೊಂದು ಮಾತು. ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯಬೇಡಿ. ಅರ್ಧ ಕತ್ತರಿಸಿ ಬಗ್ಗಿಸಿ ಹಾಲು ಸುರಿಯಿರಿ, ಚೂರು ಕವರಿಗೇ ಅಂಟಿಕೊಂಡಿರಲಿ. ದಿನಕ್ಕೆ ಎರಡು ಕವರಿನ ಮನೆಯಲ್ಲಿ ವರ್ಷಕ್ಕೆ 730 ಚೂರುಗಳಾಗುತ್ತವೆ. ಉಗುರಿನಷ್ಟು ಚೂರನ್ನು ಯಾರೂ ಆರಿಸುವುದಿಲ್ಲ. ಸಿಂಕಿನಿಂದ ಚರಂಡಿಗೆ, ಚರಂಡಿಯಿಂದ ಹೊಳೆಗೆ ಅದರ ದಾರಿ. ನಾನು ಇದನ್ನು ಅರಿತದ್ದು ನಮ್ಮ ಬಚ್ಚಲ ಜಾಲರಿ ಕಟ್ಟಿಕೊಂಡ ದಿನ. ತೆಗೆದು ನೋಡಿದರೆ ಕೂದಲಿನ ಉಂಡೆಯೊಳಗೆ ನೀಲಿ ಬಿಳಿ ತ್ರಿಕೋನಗಳು, ಎಣಿಸಿದರೆ ಹದಿನೇಳು.

ಅಂಟುವಾಳದ ದ್ರವ ಮಾಡಿ ಬಾಟಲಿಯಲ್ಲಿಟ್ಟರೆ ನಾಲ್ಕೇ ದಿನಕ್ಕೆ ಕೆಟ್ಟ ವಾಸನೆ. ಏನು ತಪ್ಪು ಮಾಡುತ್ತಿದ್ದೇನೆ?
— ಎಂ.ಎಸ್., ಹಾಸನ

ತಪ್ಪೇನೂ ಇಲ್ಲ. ಅಂಟುವಾಳದ ಸಿಪ್ಪೆಯಲ್ಲಿ ನೊರೆ ಬರಿಸುವ ಸಪೋನಿನ್ ಜೊತೆಗೆ ಸಕ್ಕರೆಯ ಅಂಶವೂ ಇದೆ. ಬೇಯಿಸಿ ಹಿಂಡಿದಾಗ ಎರಡೂ ನೀರಿಗೆ ಬರುತ್ತವೆ, ಸಕ್ಕರೆಯ ಬೆನ್ನಿಗೆ ಸೂಕ್ಷ್ಮಾಣುಗಳು. ಅಂಗಡಿಯ ದ್ರವಕ್ಕೆ ಕೆಡದಂತೆ ಏನಾದರೂ ಬೆರೆಸಿರುತ್ತಾರೆ, ನಿಮ್ಮದಕ್ಕಿಲ್ಲ. ಅದಕ್ಕೆ ಹೀಗೆ ಮಾಡಿ: ಬೀಜ ತೆಗೆದ ಹತ್ತು ಹನ್ನೆರಡು ಕಾಯಿಗಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಅದೇ ನೀರಿನಲ್ಲಿ ಕಾಲು ಗಂಟೆ ಕುದಿಸಿ, ಕಿವುಚಿ ಸೋಸಿ. ಆ ದಿನಕ್ಕೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಫ್ರೀಜರಿನ ಐಸ್ ಟ್ರೇಗೆ ಹೊಯ್ಯಿರಿ. ಒಂದು ಬಕೆಟ್ ಬಟ್ಟೆಗೆ ನಾಲ್ಕು ತುಂಡು ಸಾಕು. ರೇಷ್ಮೆ ಸೀರೆಗೆ, ಉಣ್ಣೆಗೆ, ಬೆಳ್ಳಿ ಬಂಗಾರಕ್ಕೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಎಣ್ಣೆ ಹಿಡಿದ ಬಾಣಲೆಗೆ ಮಾತ್ರ ಒಗ್ಗುವುದಿಲ್ಲ, ಅದಕ್ಕೆ ಬೂದಿಯೇ ಸರಿ. ಕಣ್ಣಿಗೆ ತಾಗಿದರೆ ಬಹಳ ಉರಿಯುತ್ತದೆ, ಮಕ್ಕಳಿದ್ದರೆ ಜೋಪಾನ.

ಗಿಡದಿಂದ ಬಂದದ್ದೆಲ್ಲ ಸಾಧು ಎಂದುಕೊಳ್ಳಬೇಡಿ. ಹಿಂದೆ ಮಡುವಿನಲ್ಲಿ ಮೀನು ಮತ್ತೇರಿ ತೇಲಲೆಂದು ಇದೇ ಜಾತಿಯ ಕಾಯಿಯನ್ನು ಜಜ್ಜಿ ಕದಡುತ್ತಿದ್ದರು. ಒಗೆದ ನೀರು ತೆಂಗಿನ ಬುಡಕ್ಕೆ ಹೋಗಲಿ. ಕೆರೆಗಾಗಲಿ ಮೀನಿನ ತೊಟ್ಟಿಗಾಗಲಿ ಬೇಡ.

ಮುಂದಿನ ತಿಂಗಳು ಗೃಹಪ್ರವೇಶ, ಇನ್ನೂರು ಜನ. ಅಡುಗೆಯವರು ಪೇಪರ್ ತಟ್ಟೆ, ಪೇಪರ್ ಲೋಟವೇ ಆಗಬೇಕು ಎನ್ನುತ್ತಾರೆ. ಪೇಪರ್ ಅಂದಮೇಲೆ ತೊಂದರೆ ಇಲ್ಲವಲ್ಲ ಅಕ್ಕ?
— ಪಿ.ಆರ್., ತುಮಕೂರು

ಇದೆ. ಪೇಪರ್ ಲೋಟದ ಒಳಗೆ ಬೆರಳಾಡಿಸಿ ನೋಡಿ, ನುಣ್ಣಗಿರುತ್ತದೆ. ಅದು ಪ್ಲಾಸ್ಟಿಕ್ಕಿನ ತೆಳು ಪದರ, ಇಲ್ಲದಿದ್ದರೆ ಕಾಫಿ ಸೋರುತ್ತಿತ್ತು. ಖರಗ್‌ಪುರದ ಐಐಟಿಯವರು 2020ರಲ್ಲಿ ಪರೀಕ್ಷೆ ಮಾಡಿದ್ದರು. ಇಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ದ್ರವ ಕಾಲು ಗಂಟೆ ಇದ್ದರೆ ಸುಮಾರು 25,000 ಪ್ಲಾಸ್ಟಿಕ್ ಕಣಗಳು ಅದಕ್ಕೆ ಬೆರೆಯುತ್ತವೆ ಎಂದು ಕಂಡುಕೊಂಡರು. ಬಾಳೆಲೆಯ ಹಾಗೆ ಹಸಿರು ಬಣ್ಣ ಬಳಿದು ಮಾರುವ ಪೇಪರ್ ಎಲೆಯ ಕಥೆಯೂ ಅದೇ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಬಂತು. ಕಾಗದದ ವೇಷ ಹಾಕಿದ್ದು ಮಾತ್ರ ಪಂಕ್ತಿಯಲ್ಲಿ ಕೂತೇ ಇದೆ.

ಊಟಕ್ಕೆ ಬಾಳೆಲೆ ಸಿಕ್ಕರೆ ಅದರ ಮುಂದೆ ಬೇರೆ ಮಾತೇ ಬೇಡ. ಸಿಗದಿದ್ದರೆ ಕಡ್ಡಿ ಚುಚ್ಚಿ ಹೊಲಿದ ಮುತ್ತುಗದ ಎಲೆ ತರಿಸಿ. ಒಣಗಿದ್ದಾದರೂ ನೀರು ಚಿಮುಕಿಸಿದರೆ ಮೆದುವಾಗುತ್ತದೆ. ಅಡಿಕೆ ಹಾಳೆಯ ತಟ್ಟೆಯೂ ಆದೀತು. ತಾನಾಗಿ ಉದುರಿದ ಹಾಳೆಯನ್ನು ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ಮುಗಿಯಿತು. ಅಂಟು ಗಿಂಟು ಏನೂ ಬೇಡ.

ಲೋಟದ ಲೆಕ್ಕವೇ ದೊಡ್ಡದು. ನೀರಿಗೊಂದು, ಪಾಯಸಕ್ಕೊಂದು, ಕಾಫಿಗೊಂದು ಎಂದರೂ ಇನ್ನೂರು ಜನಕ್ಕೆ ಆರುನೂರು. ಇಲ್ಲಿ ಸ್ಟೀಲಿಗೆ ಬನ್ನಿ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆಯ ತಟ್ಟೆ ಬ್ಯಾಂಕ್ ಇದೆ, ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟ ಕೊಡುತ್ತಾರೆ. ಅದನ್ನು ನೋಡಿ ಬಂದು ನಮ್ಮ ಬೀದಿಯ ಹನ್ನೊಂದು ಮನೆಯವರು ಸೇರಿ 150 ತಟ್ಟೆ, 250 ಲೋಟ ಕೊಂಡೆವು. ಎಲ್ಲದರ ಬುಡದಲ್ಲೂ ಒಂದು ಚುಕ್ಕಿ ಕೆತ್ತಿಸಿದ್ದೇವೆ, ಬೇರೆಯವರದ್ದರ ಜೊತೆ ಬೆರೆಯಬಾರದೆಂದು. ಎಣಿಸಿ ಒಯ್ಯಬೇಕು, ಎಣಿಸಿ ತರಬೇಕು, ತೊಳೆಯುವವರಿಗೆ ಕೂಲಿಯನ್ನು ಮನೆಯವರೇ ಕೊಡಬೇಕು. ಈ ಕೊನೆಯ ಷರತ್ತನ್ನು ಮರೆಯಬೇಡಿ. ನಮ್ಮ ಹಸಿರು ಹಬ್ಬಕ್ಕೆ ಇನ್ನೊಬ್ಬಳ ಸೊಂಟ ನೋಯುವುದು ನ್ಯಾಯವಲ್ಲ. ಅಡುಗೆಯವರು ಬೇಡವೆನ್ನುವುದೂ ತೊಳೆಯುವವರು ಸಿಗುವುದಿಲ್ಲ ಎಂಬ ಹೆದರಿಕೆಗೇ. ಆಳಿನ ಏರ್ಪಾಡು ನಮ್ಮದು ಎಂದು ಹೇಳಿ ನೋಡಿ, ಒಪ್ಪುತ್ತಾರೆ. ಉಂಡ ಎಲೆಗಳನ್ನು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಬೇಡಿ. ಹಸು ಎಲೆಯ ಜೊತೆ ಚೀಲವನ್ನೂ ನುಂಗುತ್ತದೆ.

ತಾರಸಿಯ ನೀರು ಹಿಡಿಯಲು 200 ಲೀಟರಿನ ಡ್ರಮ್ ಸಾಕೇ? ತಾರಸಿ ಸಾವಿರ ಚದರ ಅಡಿ ಇದೆ.
— ಕೆ.ಜಿ., ಚಿತ್ರದುರ್ಗ

ಸಾಲದು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ತಾರಸಿ ಸುಮಾರು 93 ಚದರ ಮೀಟರ್. ಎರಡು ಮಿಲಿಮೀಟರ್ ದಾಟುವಷ್ಟರಲ್ಲಿ ಡ್ರಮ್ ತುಂಬಿ ಹರಿಯುತ್ತದೆ, ಇಪ್ಪತ್ತು ಮಿಲಿಮೀಟರಿನ ಒಂದು ಒಳ್ಳೆಯ ಮಳೆಗೆ 1,860 ಲೀಟರ್ ಬರುತ್ತದೆ. ಪೈಪನ್ನು ಸಂಪಿಗೆ ತಿರುಗಿಸಿ. ವರ್ಷದ ಮೊದಲ ಮಳೆಯ ಧೂಳುನೀರು ಹೊರಗೆ ಹೋಗಲಿ, ಸಂಪಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಇರಲಿ. ಡೆಂಗಿ ಸೊಳ್ಳೆಗೆ ಚೊಕ್ಕ ನೀರೆಂದರೇ ಇಷ್ಟ.

ಅಮ್ಮ ತೀರಿಕೊಂಡು ಎರಡು ವರ್ಷ. ಅವರ ನಲವತ್ತು ಹತ್ತಿ ಸೀರೆಗಳು ಬೀರುವಿನಲ್ಲಿವೆ. ಉಡಲು ಆಗುತ್ತಿಲ್ಲ, ಯಾರಿಗೂ ಕೊಡಲು ಮನಸ್ಸಿಲ್ಲ. ಏನು ಮಾಡಲಿ?
— ಎಲ್.ಎನ್., ಹುಬ್ಬಳ್ಳಿ

ಹುಬ್ಬಳ್ಳಿಯವರಿಗೆ ನಾನು ಕೌದಿಯ ಬಗ್ಗೆ ಹೇಳಬೇಕೇ ತಂಗಿ? ಆದರೂ ಹೇಳುತ್ತೇನೆ. ನಿಮ್ಮ ಕಾಗದ ಓದಿ ಮುಗಿಸುವಾಗ ನನ್ನ ಕೈ ತಾನಾಗಿ ಅಜ್ಜಿಯ ಕೌದಿಯ ಮೇಲೆ ಹೋಗಿತ್ತು. ಅದರಲ್ಲಿ ಅಜ್ಜನ ಧೋತರವಿದೆ, ಗುಳೇದಗುಡ್ಡದ ಖಣದ ಕುಬಸದ ತುಂಡಿದೆ, ಕಾಕಾನ ಖಾಕಿ ಚಡ್ಡಿಯಿದೆ, ಅವ್ವನ ಇಳಕಲ್ ಸೀರೆಯ ದಡಿಯಿದೆ. ಚಡ್ಡಿಯ ಜೇಬನ್ನು ಅಜ್ಜಿ ಬಿಚ್ಚದೆ ಹಾಗೇ ಹೊಲಿದಿದ್ದಳು. ಚಿಕ್ಕವರಿದ್ದಾಗ ನಾವು ಅದರೊಳಗೆ ಶೇಂಗಾ ಬಚ್ಚಿಡುತ್ತಿದ್ದೆವು.

ನಲವತ್ತನ್ನೂ ಕತ್ತರಿಸಬೇಡಿ. ಗಟ್ಟಿಯಿರುವ ಐದಾರನ್ನು ಎತ್ತಿಡಿ, ಎಂದಾದರೂ ಉಡುವ ಮನಸ್ಸು ಬಂದೀತು. ಜೀರ್ಣವಾದವನ್ನು ಬಿಸಿಲಿಗೆ ಹಾಕಿ, ಬೆಳಕಿಗೆ ಹಿಡಿದು ನೋಡಿ. ನೂಲು ಇನ್ನೂ ಹಿಡಿದಿರುವುದು ತಳಕ್ಕೆ, ಸವೆದದ್ದು ಹೊಟ್ಟೆಗೆ, ಬಣ್ಣ ಚೆನ್ನಾಗಿರುವುದು ಮೇಲಕ್ಕೆ. ಪಾಲಿಯೆಸ್ಟರ್ ತುಂಡು ಸೇರಿಸಬೇಡಿ. ಬೆವರು ಹೀರುವುದಿಲ್ಲ, ಹತ್ತಿಯ ಜೊತೆ ನಿಲ್ಲದೆ ಜಾರಿ ಮುದ್ದೆಯಾಗುತ್ತದೆ.

ಹೊಲಿಯುವ ಕ್ರಮಕ್ಕೆ ನಾನು ಯಲ್ಲಾಪುರ, ಹಳಿಯಾಳದ ಕಾಡಿನ ಸಿದ್ದಿ ಹೆಂಗಸರ ಕವಂದಿಯನ್ನು ನೋಡಿ ಎನ್ನುತ್ತೇನೆ. ಆಫ್ರಿಕಾ ಮೂಲದ ಈ ಜನ ಹಳೆ ಬಟ್ಟೆಯ ತುಂಡುಗಳಲ್ಲಿ ಹೊಲಿಯುವ ಹೊದಿಕೆ ಅದು. ಅವರು ಒಂದು ಮೂಲೆಯಿಂದ ಶುರುಮಾಡಿ, ಅಂಚು ಹಿಡಿದು ತುಂಡಿಗೆ ತುಂಡು ಸೇರಿಸುತ್ತಾ ಸುತ್ತು ಹಾಕಿ ನಡುವಿಗೆ ಬಂದು ಮುಗಿಸುತ್ತಾರೆ. ಚೌಕಟ್ಟಿಲ್ಲ, ಗುರುತು ಎಳೆಯುವುದಿಲ್ಲ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ‘ಫೂಲ’, ಅಂದರೆ ಹೂವು, ಹೊಲಿಯುತ್ತಾರೆ. ಹೂವಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಬತ್ತಲೆ. ನಮ್ಮ ಅಜ್ಜಿಯೂ ಹೇಳುತ್ತಿದ್ದಳು, “ಅಂಚು ಮೊದಲು ಗಟ್ಟಿ ಮಾಡ್ಕೋ ಬೇ, ನಡಕಿಂದು ತಾನಽ ಬರ್ತದ” ಅಂತ.

ಉದ್ದ ಸೂಜಿ, ದಪ್ಪ ಹತ್ತಿ ದಾರ. ಹೊಲಿಗೆ ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ, ಅದಕ್ಕಿಂತ ಹೆಚ್ಚಾದರೆ ಒಗೆದಾಗ ಒಳಗಿನ ಸೀರೆ ಸರಿಯುತ್ತದೆ. ದಿನಕ್ಕೆ ಒಂದು ಗಂಟೆ ಕೂತರೆ ಒಂದು ಕೌದಿಗೆ ಎರಡು ಮೂರು ತಿಂಗಳು ಬೇಕು, ಅವಸರ ಬೇಡ. ನಿಮ್ಮ ಕೈಲಾಗದಿದ್ದರೆ ಹೊಲಿದು ಕೊಡುವವರು ನಿಮ್ಮ ಕಡೆ ಇನ್ನೂ ಇದ್ದಾರೆ. ಅವರ ಪಕ್ಕ ಕೂತು ಯಾವ ತುಂಡು ಯಾವಾಗಿನದು ಎಂದು ಹೇಳುತ್ತಾ ಹೊಲಿಸಿ. ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ನಡುವಿನ ತುಂಡಿಗೆ ಅಮ್ಮ ಮನೆಯಲ್ಲಿ ದಿನಾ ಉಡುತ್ತಿದ್ದ ಸೀರೆಯನ್ನು ಇಟ್ಟುಕೊಳ್ಳಿ, ಅಡುಗೆಮನೆಯ ಅರಿಶಿನದ ಕಲೆ ಇದ್ದದ್ದು. ಕಲೆ ತೆಗೆಯಲು ಹೋಗಬೇಡಿ. ಮೊದಲ ಅಂಚು ಮುಗಿದ ಮೇಲೆ ನನಗೊಂದು ಕಾಗದ ಬರೆಯಿರಿ.