ಕಾರು ತೊಳೆಯೋದನ್ನೂ ಕಲೀಬೇಕಾ?

ಪ್ರಶ್ನೆ: ಗೆಳೆಯರೆಲ್ಲ ಭಾನುವಾರ ಕಾರ್ ಡೀಟೇಲಿಂಗ್ (ಕಾರನ್ನು ಸೂಕ್ಷ್ಮವಾಗಿ ತೊಳೆದು, ಪಾಲಿಶ್ ಮಾಡೋದು) ಕಲಿಸುವ ವರ್ಕ್‌ಶಾಪ್‌ಗೆ ಹೊರಟಿದ್ದಾರೆ. ನನ್ನದು ಕಪ್ಪು ಕಾರು, ಬಿಸಿಲಿಗೆ ಬಂದರೆ ಮೈತುಂಬ ಜೇಡರ ಬಲೆಯಂಥ ಗೀರು. ಹೋದರೆ ಉಪಯೋಗ ಇದೆಯಾ?

ಉತ್ತರ: ಹೋಗಿ ಬನ್ನಿ. ಆ ಗೀರು ಬಿದ್ದಿರೋದು ಬಹುಶಃ ದಿನಾ ಬೆಳಿಗ್ಗೆ ಒಂದೇ ಬಕೆಟ್ ನೀರು, ಒಂದೇ ಹಳೇ ಬಟ್ಟೆಯಲ್ಲಿ ಧೂಳಿನ ಸಮೇತ ಉಜ್ಜಿದ್ದರಿಂದ. ನಾನು ಹೋದಾಗ ಮೊದಲು ಕಲಿಸಿದ್ದೇ ಎರಡು ಬಕೆಟ್ ಲೆಕ್ಕ: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು, ಒರೆಸುವ ಬಟ್ಟೆಯನ್ನು ಪ್ರತಿ ಸಲ ಅದರಲ್ಲಿ ಜಾಲಿಸಿಯೇ ಮತ್ತೆ ಶಾಂಪೂಗೆ ಅದ್ದಬೇಕು. ಆಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಸಿ ತೊಳೆದ ಬಾನೆಟ್ ಸವರಿ ನೋಡಿ ಅಂದರು. ಥೇಟ್ ರವೆ ಮೇಲೆ ಕೈಯಾಡಿಸಿದ ಹಾಗಿತ್ತು! ತೊಳೆದರೂ ಹೋಗದೆ ಅಂಟಿಕೊಂಡ ಆ ಕೊಳೆಯನ್ನು ಕ್ಲೇ ಬಾರ್ (ಜೇಡಿಮಣ್ಣಿನಂಥ ಮೆತ್ತನೆ ಉಂಡೆ) ತೆಗೆಯುತ್ತದೆ. ಗೀರು ತೆಗೆಯುವ ಪಾಲಿಶ್ ಮೆಷಿನ್ ಮಾತ್ರ ಹುಷಾರು, ಅದು ಸವೆಸುವ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಸುಮಾರು 40-50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟೇ. ಮೊದಲು ಗುಜರಿಯ ಬಾನೆಟ್ ಮೇಲೆ ಕೈ ಪಳಗಲಿ. ಗೆಳೆಯನ ಕಾರೇ ಸಿಕ್ಕರೆ ಇನ್ನೂ ಒಳ್ಳೇದು, ಅಲ್ವಾ?