ಮಾತಿನಿಂದ ಮನಸ್ಸಿನ ಬೇನೆ ಕಡಿಮೆಯಾದೀತೇ?

ಪ್ರಶ್ನೆ: ನನಗೆ 36 ವರ್ಷ, ಯಜಮಾನರಿಗೆ 42. ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಸುವ ಸಣ್ಣ ಘಟಕ ನಮ್ಮದು. ಒಂದು ವರ್ಷದಿಂದ ಆರ್ಡರ್ ಕಡಿಮೆಯಾಗಿದೆ. ಅವರಿಗೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಘಟಕದ ಕಡೆ ಹೋಗಲೂ ಮನಸ್ಸಿಲ್ಲ. ಸಾಲದ ಲೆಕ್ಕ ಕೇಳಿದರೆ ತಟ್ಟೆ ಸರಿಸಿ ಮಾಳಿಗೆ ಹತ್ತುತ್ತಾರೆ. ನಾನೂ ಹಿಂದೆಯೇ ಹೋಗಿ ಮತ್ತೆ ಕೇಳುತ್ತೇನೆ. ಎಂದೂ ಕೈ ಮಾಡಿದವರಲ್ಲ. ಆಪ್ತಸಮಾಲೋಚನೆಗೆ ಹೋಗೋಣವೆಂದರೆ, ‘ಮಾತಿನಿಂದ ಸಾಲ ತೀರುತ್ತದೆಯೇ, ನಾವೇನು ಹುಚ್ಚರೇ?’ ಎನ್ನುತ್ತಾರೆ. ಅದರಿಂದ ನಿಜಕ್ಕೂ ಉಪಯೋಗವಿದೆಯೇ?
– ಹೆಸರು ಬೇಡ, ಬಳ್ಳಾರಿ

ಉತ್ತರ: ಸಹೋದರಿ, ನಿಮ್ಮ ಯಜಮಾನರು ಹೇಳುವುದರಲ್ಲಿ ಅರ್ಧ ನಿಜವಿದೆ, ಸಮಾಲೋಚನೆಯಿಂದ ಸಾಲ ತೀರುವುದಿಲ್ಲ. ಆದರೆ ನಿದ್ದೆ, ಹಸಿವು, ಕೆಲಸದ ಹುಮ್ಮಸ್ಸು ಮೂರೂ ಇಷ್ಟು ದಿನದಿಂದ ಕೈಕೊಟ್ಟಿರುವಾಗ, ಇದು ಖಿನ್ನತೆಯೇ ಎಂದು ವೈದ್ಯರಲ್ಲಿ ತೋರಿಸಿಕೊಳ್ಳಲೇಬೇಕು. ಖಿನ್ನತೆಯಲ್ಲಿರುವವರಿಗೆ ಲೆಕ್ಕದ ಪುಸ್ತಕ ತೆರೆಯುವುದೇ ಆಗದ ಕೆಲಸವಾಗಿಬಿಡುತ್ತದೆ.

ಉಪಯೋಗವಿದೆಯೇ ಎಂದು ಸಂಶೋಧಕರೂ ಕೇಳಿದ್ದಾರೆ. ಪಕ್ಕದ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ ಬಲವಾಗಿದ್ದ 495 ವಯಸ್ಕರೊಂದಿಗೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಸಾಮಾನ್ಯ ಜನರೇ ಆರರಿಂದ ಎಂಟು ಭೇಟಿಗಳ ಸಮಾಲೋಚನೆ ನಡೆಸಿದರು. ಮೂರು ತಿಂಗಳ ಹೊತ್ತಿಗೆ ಅದನ್ನು ಪಡೆದವರಲ್ಲಿ ಶೇ 64ರಷ್ಟು ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ವೈದ್ಯರ ಆರೈಕೆಯನ್ನಷ್ಟೇ ಪಡೆದವರಲ್ಲಿ ಆ ಪ್ರಮಾಣ ಶೇ 39. ಮನಸ್ಸು ಸರಿಯಾಗಲೆಂದು ಕಾಯದೆ, ಸಣ್ಣ ಕೆಲಸದಿಂದ ಮನಸ್ಸನ್ನು ಎಬ್ಬಿಸುವುದೇ ಅಲ್ಲಿನ ಮುಖ್ಯ ವಿಧಾನವಾಗಿತ್ತು. ನಿಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ, ಬೆಳಿಗ್ಗೆ ಹತ್ತಕ್ಕೆ ಘಟಕದ ಬೀಗ ತೆಗೆದು, ಒಂದೇ ಒಂದು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಅರ್ಧ ಗಂಟೆಯಲ್ಲಿ ಮನೆಗೆ ಮರಳುವುದು, ಆಗ ಮನಸ್ಸು ಹೇಗಿತ್ತೆಂದು ಚೀಟಿಯಲ್ಲಿ ಬರೆದಿಡುವುದು, ಮುಂದಿನ ಭೇಟಿಯಲ್ಲಿ ಆ ಚೀಟಿಯನ್ನೇ ಮುಂದಿಟ್ಟುಕೊಂಡು ಮಾತಾಡುವುದು. ಇದನ್ನು ಬರೀ ಮಾತು ಎನ್ನಲಾಗದು. ಬೇನೆ ತೀವ್ರವಾಗಿದ್ದರೆ ಜೊತೆಗೆ ಔಷಧಿಯೂ ಬೇಕಾಗಬಹುದು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆ ತಟ್ಟೆಯ ಸಂಗತಿ. ನೀವು ಕೇಳಿದಷ್ಟೂ ಅವರು ಸರಿಯುತ್ತಾರೆ, ಅವರು ಸರಿದಷ್ಟೂ ನೀವು ಕೇಳುತ್ತೀರಿ. ದಂಪತಿ ಸಮಾಲೋಚನೆಯಲ್ಲಿ ಪಳಗಿದವರು ಪಂಚಾಯಿತಿಯ ಹಿರಿಯರಂತೆ ತಪ್ಪು ಯಾರದೆಂದು ತೀರ್ಮಾನಿಸಲು ಕೂಡುವುದಿಲ್ಲ. ಈ ಸುತ್ತನ್ನು ಇಬ್ಬರಿಗೂ ಕಾಣಿಸುತ್ತಾರೆ. ನಿಮ್ಮ ಪ್ರಶ್ನೆಯೊಳಗಿನ ಭಯ ಅವರಿಗೆ ಕೇಳಿಸಬೇಕು, ಅವರ ಮೌನದೊಳಗೆ ಇರಬಹುದಾದ ನಾಚಿಕೆ ನಿಮಗೆ ಕಾಣಬೇಕು. ಇದು ಎಲ್ಲ ಮನೆಗಳನ್ನೂ ಉಳಿಸುತ್ತದೆಂದು ನಾನು ಹೇಳಲಾರೆ: ಅಮೆರಿಕದಲ್ಲಿ 134 ದಂಪತಿಗಳೊಂದಿಗೆ ನಡೆದ ಅಧ್ಯಯನದಲ್ಲಿ ಐದು ವರ್ಷಗಳ ನಂತರ ಸುಮಾರು ಅರ್ಧದಷ್ಟು ಜೋಡಿಗಳ ಬದುಕು ಸುಧಾರಿಸಿತ್ತು, ಕಾಲು ಭಾಗಕ್ಕೂ ತುಸು ಹೆಚ್ಚು ಜೋಡಿಗಳು ಬೇರೆಯಾಗಿದ್ದವು. ಅವರು ಕೈ ಮಾಡಿದವರಲ್ಲ ಎಂದು ಬರೆದಿದ್ದೀರಿ, ಅದಕ್ಕೇ ಇಬ್ಬರೂ ಕೂಡಿ ಹೋಗಿ ಎನ್ನುತ್ತಿದ್ದೇನೆ. ಹೊಡೆತ, ಬೆದರಿಕೆ ಇರುವಲ್ಲಿ ಮೊದಲು ಒಬ್ಬೊಬ್ಬರನ್ನೇ ಬೇರೆಯಾಗಿ ಕಾಣಬೇಕಾಗುತ್ತದೆ.

‘ಹುಚ್ಚರೇ’ ಎಂದವರಿಗೆ ಬಳ್ಳಾರಿಯದೇ ಒಂದು ಸಂಗತಿ ತಿಳಿಸಿ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಮಾನಸಿಕ ಆರೈಕೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಮುಟ್ಟಿಸುವ ಪ್ರಯೋಗ ನಡೆಸಿದ್ದು ಇದೇ ಜಿಲ್ಲೆಯಲ್ಲಿ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಿಂದಲೇ ಆರಂಭಿಸಿ. ಯಾರ ಬಳಿ ಹೋದರೂ ಅವರ ಓದು ಮತ್ತು ತರಬೇತಿ ಏನು, ಯಾವ ವಿಧಾನ ಬಳಸುತ್ತಾರೆ, ಎಷ್ಟು ಭೇಟಿ ಬೇಕು, ಸುಧಾರಣೆಯನ್ನು ಹೇಗೆ ಅಳೆಯುತ್ತಾರೆ ಎಂದು ಕೇಳಲು ಸಂಕೋಚಪಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ.

ಅವರು ಬರಲೊಪ್ಪದಿದ್ದರೆ ಮೊದಲ ಭೇಟಿಗೆ ನೀವೊಬ್ಬರೇ ಹೋಗಿ. ಅಲ್ಲಿಯವರೆಗೆ ಊಟದ ಹೊತ್ತಿನಲ್ಲಿ ಸಾಲದ ಮಾತು ಎತ್ತಬೇಡಿ. ಅದಕ್ಕೆಂದೇ ವಾರದಲ್ಲಿ ಒಂದು ಸಂಜೆಯನ್ನು ಇಬ್ಬರೂ ಸೇರಿ ಗೊತ್ತುಮಾಡಿಕೊಳ್ಳಿ. ಬದುಕೇ ಸಾಕು ಎಂಬಂಥ ಮಾತು ಅವರ ಬಾಯಿಂದ ಬಂದರೆ ಮಾತ್ರ ಯಾವ ಸಂಜೆಗೂ ಕಾಯಬೇಡಿ. ಅವರನ್ನು ಒಬ್ಬರನ್ನೇ ಬಿಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ.